ಬೆವರುವ ಚೀಲ

ನಲವತ್ತನಾಲ್ಕು ಡಿಗ್ರಿ.
ಯುಂಟಾದ ಪೆಟ್ರೋಲ್ ಬಂಕಿನಲ್ಲಿ
ನೆರಳೂ ಗೋಡೆಗೆ ಅಂಟಿಕೊಂಡು ನಿಂತಿದೆ,
ಒಂದಡಿ ಈಚೆ ಬಂದರೆ ಕಾಲು ಸುಟ್ಟೀತೆಂದು.

ಇಳಿದವಳೇ ಜಾಕೆಟ್ ಕಳಚಿ ಸೀಟಿಗೆ ಎಸೆದೆ.
ಎಣ್ಣೆ ಕಾಣದ ಹಂಚಿಗೆ ದೋಸೆ ಕಚ್ಚಿದಂತೆ
ಬೆನ್ನಿಗೆ ಕಚ್ಚಿದ ಅಂಗಿ.
ಹೆಲ್ಮೆಟ್ಟಿನೊಳಗೆ ನನ್ನದೇ ಉಸಿರು ಹಳಸಿದೆ.
ಸಾಕು, ಇನ್ನು ಹೀಗೇ, ಬರೀ ಅಂಗಿಯಲ್ಲಿ.
ಪೀಟರ್‌ಬರೋ ಏನು ಮಹಾ,
ಎಂಬತ್ತು ಚಿಲ್ಲರೆ ಕಿಲೋಮೀಟರು.

ಕೌಂಟರಿನ ಹಿಂದಿನಿಂದ ಲೊರೇನ್ ನೋಡಿದಳು.
ಎಪ್ಪತ್ತರ ಹತ್ತಿರದವಳು. ಎಡ ಮೊಣಕೈಯಲ್ಲಿ
ಹಳೆಯ ಗಾಯ, ನುಣ್ಣಗೆ, ರೋಮವಿಲ್ಲದೆ ಹೊಳೆಯುತ್ತದೆ.
ಅಂಥ ಚರ್ಮದ ಗುರುತು ನನಗುಂಟು.
ಬ್ರೋಕನ್ ಹಿಲ್ ಆಸ್ಪತ್ರೆಯ ರಾತ್ರಿಪಾಳಿಯಲ್ಲಿ
ಬರೀ ಅಂಗಿಯಲ್ಲಿ ಹೊರಟವರ ಬೆನ್ನಿಂದ
ಅಕ್ಕಿಯಲ್ಲಿ ಕಲ್ಲು ಆರಿಸಿದ ಹಾಗೆ
ಚಿಮಟದಲ್ಲಿ ಜಲ್ಲಿ ಆರಿಸುವವಳು ನಾನು.
ಸ್ಟೀಲ್ ತಟ್ಟೆಗೆ ಬಿದ್ದಾಗ ಒಂದೊಂದೂ ಟಿಣ್ ಎನ್ನುತ್ತದೆ.
ಗೊತ್ತಿದ್ದೂ ಕಳಚಿದ್ದೆ.
ಸೆಖೆಗೆ ಮೊದಲು ಕರಗುವುದು ಬುದ್ಧಿ.

“ಹಾಕಿಕೋ,” ಎಂದಳು. “ಅದಕ್ಕೂ ಮೊದಲು
ಹಿಂದುಗಡೆ ನಲ್ಲಿ ಇದೆ.”

ನಲ್ಲಿಯ ಮೊದಲ ನೀರಲ್ಲಿ ಚಹಾ ಕಾಸಬಹುದಿತ್ತು.
ಎರಡನೆಯದು ಬೆಚ್ಚಗೆ. ಮೂರನೆಯದು
ನೆಲದೊಳಗಿನಿಂದ ಎದ್ದು ಬಂದದ್ದು.
ಅಂಗಿ ತೋಯಿಸಿದೆ, ಕಾಲರು, ತೋಳು, ಕಂಕುಳು.
“ತೊಟ್ಟಿಕ್ಕದ ಹಾಗೆ ಹಿಂಡು. ಈಗ ಜಾಕೆಟ್.
ಈಗ ಜಿಪ್, ಮೇಲಿನವರೆಗೆ.”
ಮೇಲಿನವರೆಗೆ? ಈ ಧಗೆಯಲ್ಲಿ?
“ಕುತ್ತಿಗೆಗೆ ಎರಡು ಬೆರಳು, ತೋಳಿಗೆ ಒಂದು ಬೆರಳು,
ಗಾಳಿಗೆ ಅಷ್ಟೇ ದಾರಿ. ಪೂರಾ ತೆರೆದರೆ
ಅದು ಗಾಳಿಯಲ್ಲ ಹುಡುಗಿ, ಒಲೆಯ ಬಾಯಿ.”

ಅವಳ ತಲೆಯ ಮೇಲೆ, ಮೊಳೆಗೆ,
ಬಿರುಸಾಗಿ ಒಣಗಿದ ಕ್ಯಾನ್ವಾಸಿನ ನೀರಚೀಲ.
ಅಪ್ಪನದಂತೆ. ಕುರಿ ಸಾಗಿಸುವ ಲಾರಿಯ
ಮೂತಿಗೆ ಕಟ್ಟುತ್ತಿದ್ದನಂತೆ.
ನಕ್ಕುಬಿಟ್ಟೆ. ಅವಳಿಗೆ ಯಾಕೆಂದು ಹೇಗೆ ಹೇಳಲಿ,
ಸಿಂಧನೂರಿನಿಂದ ಭತ್ತ ಹೊರುತ್ತಿದ್ದ ಮೌಲಾಸಾಬನ
ಲಾರಿಯ ಕನ್ನಡಿಗೂ ಇಂಥದೇ ಚೀಲ ತೂಗುತ್ತಿತ್ತು,
ನಾವು ಹುಡುಗರು ಅದರ ಹೊಟ್ಟೆಗೆ ಕೆನ್ನೆ ಒತ್ತುತ್ತಿದ್ದೆವು.
“ಚೀಲ ಬೆವರ್ತದ ನೋಡ್ರಿ, ಅದಕ್ಕs ನೀರು ತಣ್ಣಗ.
ಬೆವರದ ಚೀಲದಾಗಿನ ನೀರು ಕುಡೀಬ್ಯಾಡ್ರಿ.”

ಹೊರಟೆ.
ಮೊದಲ ಮೈಲಿಯಲ್ಲಿ ಏನೂ ಇಲ್ಲ.
ಆಮೇಲೆ ಕುತ್ತಿಗೆಯ ಎರಡು ಬೆರಳಿನಿಂದ
ಒಂದು ತಂಪು ಇಳಿಯಿತು, ಎದೆಗೆ, ಪಕ್ಕೆಗೆ,
ಬೆನ್ನಿನ ಗುಂಟ ಸೊಂಟದವರೆಗೆ.
ಗಂಟೆಗೆ ನೂರಾಹತ್ತು. ಎರಡೂ ಕಡೆ
ಕಂದು ನೆಲ, ಬೂದು ಪೊದೆ, ಬೇಲಿಗೆ ತಲೆಯಿಟ್ಟ ಒಂದು ಎಮು.
ಡಾಂಬರು ಕುದಿಯುತ್ತಿದೆ,
ನನ್ನ ಹಲ್ಲು ಕಟಕಟ ಎನ್ನುತ್ತಿದೆ!
ಅರ್ಧ ಗಂಟೆ ನಾನು ಹೂಜಿಯಾಗಿದ್ದೆ.

ಅಷ್ಟೇ. ಅರ್ಧ ಗಂಟೆ.
ಊಡ್ಲಾ ವಿರಾ ಬರುವಷ್ಟರಲ್ಲಿ ಅಂಗಿ ಹಪ್ಪಳ,
ಕಪ್ಪು ಜಾಕೆಟ್ಟಿನ ಮೇಲೆ ಬೆಳಗಿನ ಬೆವರು
ಉಪ್ಪಿನಲ್ಲಿ ಯಾವುದೋ ನದಿಯ ನಕ್ಷೆ ಬಿಡಿಸಿದೆ,
ಕವಲುಗಳ ಸಮೇತ.

ಹಣ್ಣಿನ ನೊಣ ತಡೆಯುವ ತಪಾಸಣೆಯ ಗೇಟು.
ಕಿತ್ತಳೆ ಅಂಗಿಯವನು ಬಗ್ಗಿ ಕೇಳಿದ:
“ಹಣ್ಣು? ತರಕಾರಿ? ಏನಾದರೂ ಇದೆಯೇ?”
“ಇಲ್ಲ. ನೀರಿದೆಯೇ?”
ನನ್ನ ಬಾಟಲಿಗೆ ಕೈ ಚಾಚಿದ.
ತಲೆಯಾಡಿಸಿ ಜಿಪ್ಪನ್ನು ಒಂದು ಗೇಣು ಇಳಿಸಿದೆ.
ಒಂದು ಕ್ಷಣ ಗಾಬರಿಬಿದ್ದ, ಆಮೇಲೆ ಅರ್ಥವಾಗಿ,
ಪೈಪು ಎಳೆದು ತಂದು, ಮುಖ ಅತ್ತ ತಿರುಗಿಸಿ,
ಕಾಲರಿನೊಳಗೆ ಬಿಟ್ಟ.

ನಾನು ಕಿರುಚಿದ ರೀತಿಗೆ
ಹಿಂದಿನ ಕ್ಯಾರವಾನಿನ ನಾಯಿ
ಗೇಟು ದಾಟುವವರೆಗೂ ಬೊಗಳುತ್ತಲೇ ಇತ್ತು.