ಹತ್ತೊಂಬತ್ತನೆಯ ಪ್ರಶ್ನೆ

ಮನೆಯಲ್ಲಿ ಫೋನಿದೆಯೇ? ಹೌದು, ಇಲ್ಲ.
ಹೌದು ಅಂದಳು ಹುಲಿಗೆವ್ವ.
ಒತ್ತಿದೆ. ಚೌಕ ಹಸಿರಾಯಿತು.
ಇಪ್ಪತ್ತನೆಯದಕ್ಕೆ ಹೋಗಬೇಕು, ಅಷ್ಟರಲ್ಲಿ
ತಲೆಯ ಮೇಲೆ ದಾಬೋಳಿಯ ವಿಮಾನ.
ತಗಡು ಗದಗುಟ್ಟಿತು, ಮಾತು ನಿಂತಿತು.
ಝುವಾರಿನಗರದಲ್ಲಿ ಎಲ್ಲರೂ ಹೀಗೆ
ಮಾತಿನ ನಡುವೆ ಬಾಯಿ ಮುಚ್ಚಿ ಕಾಯುತ್ತಾರೆ,
ಆಮೇಲೆ ಬಿಟ್ಟ ಅಕ್ಷರದಿಂದಲೇ ಹಿಡಿಯುತ್ತಾರೆ.

ಆ ಬಿಡುವಿನಲ್ಲಿ ಸುತ್ತ ನೋಡಿದೆ.
ಗೂಡಿನಲ್ಲಿ ಚಾರ್ಜರ್ ಇತ್ತು. ಫೋನ್ ಇರಲಿಲ್ಲ.

"ಬಸಲಿಂಗನ ಕಿಸೇದಾಗ ಐತ್ರಿ. ವೆರ್ಣಾದಾಗ ಕೆಲಸ.
ಆರಕ್ಕ ಹೋದ್ರ ರಾತ್ರಿ ಒಂಬತ್ತಕ್ಕ ಬರ್ತೈತಿ."
ಬರುವುದು ಫೋನೋ ಮಗನೋ, ಕೇಳಲಿಲ್ಲ.

ಹನ್ನೊಂದು ಗಂಟೆಗೆ ಅದರೊಳಗೆ ಆಸ್ಪತ್ರೆಯ ದನಿ:
ಸಕ್ಕರೆಯ ಗುಳಿಗೆ ತೆಗೆದುಕೊಂಡಿರಾ? ಹೌದಾದರೆ ಒಂದನ್ನು ಒತ್ತಿ.
ಮೂರನೆಯ ಮಹಡಿಯ ಸೆಂಟ್ರಿಂಗ್ ಹಲಗೆಯ ಮೇಲೆ ನಿಂತು
ಸಿಮೆಂಟು ಮೆತ್ತಿದ ಬೆರಳಿಂದ
ಬಸಲಿಂಗ ಒಂದನ್ನು ಒತ್ತುತ್ತಾನೆ.
ದಿನಾ.
ಒತ್ತದಿದ್ದರೆ ಅದು ಮತ್ತೆ ಬಡಿದುಕೊಳ್ಳುತ್ತದೆ,
ಮುಕಾದಮ ಬಯ್ಯುತ್ತಾನೆ.
ದನಿ ಕೊಂಕಣಿಯದು, ಅಂಕಿ ಮಾತ್ರ ಅವನಿಗೆ ಗೊತ್ತು.

ಪಣಜಿಯ ಕಚೇರಿ ಗೋಡೆಯಲ್ಲಿ ಈ ಓಣಿಗೆ
ನೂರಕ್ಕೆ ತೊಂಬತ್ತೊಂದು.
ನೀಲಿ ಕಂಬ. ಬಣ್ಣ ಆರಿಸಿದವಳು ನಾನೇ.

ಹುಲಿಗೆವ್ವನ ಹೆಬ್ಬೆರಳಿಗೆ ಅರಿಶಿನ ಮೆತ್ತಿತ್ತು.
ಎಷ್ಟು ದಿನದ ಗಾಯ ಅಂದೆ. ಅವಳು ಬೇರೆಯದೇ ಕೇಳಿದಳು:
"ಹೋದ ವರ್ಷಾನೂ ಒಬ್ಬಾಕಿ ಬಂದಿದ್ಲು, ಮಾರಿಗೆ ಮಾಸ್ಕ್ ಕಟ್ಟಿದ್ಲು.
ಎಲ್ಲಾ ಹೇಳಿದ್ದೆ. ಒಯ್ದಿದ್ದು ಎಲ್ಲಿ ಇಟ್ಟಾಳ ಆಕಿ?"
ಆಕೆ ನಾನು. ಹೇಳಲಿಲ್ಲ.

ಆಮೇಲೆ ಮೂರು ವಾರ ನಲವತ್ಮೂರು ಬಾಗಿಲು ತಟ್ಟಿದೆ.
ಒಂದೇ ಪ್ರಶ್ನೆ: ಈಗ, ಈ ಹೊತ್ತಿನಲ್ಲಿ, ಫೋನ್ ಎಲ್ಲಿದೆ?
ಮೂವತ್ತೊಂದು ಮನೆಯಲ್ಲಿ ಬರಿಯ ಚಾರ್ಜರ್.
ರಾತ್ರಿ ಬಂದ ಮೇಲೂ ಅದಕ್ಕೆ ಸರದಿಯುಂಟು,
ಅಣ್ಣನ ಆಟ, ಅಪ್ಪನ ಊರಿನ ಕರೆ,
ಕೊನೆಗೆ ನಾಲ್ಕು ಪರ್ಸೆಂಟ್ ಉಳಿದಾಗ
ಶಾವಂತ್ರಿಯ ಏಳನೆಯ ಕ್ಲಾಸಿನ ಗಣಿತ.

ಸ್ಯಾಂಪಲ್ ಚಿಕ್ಕದು, ಎಂದರು ಡಾಕ್ಟರ್ ಕುಂಕಳ್ಯೆಂಕಾರ್.
ಸಿಟ್ಟು ಬಂತು. ಆದರೆ ಚಿಕ್ಕದೇ.
ಸರಿ, ಓಣಿಗಳ ಹೆಸರು ಬರೆದು ಮಡಿಸಿ
ನರ್ಸ್ ಪ್ರೆಸಿಲ್ಡಾಳ ಊಟದ ಡಬ್ಬಿಗೆ ಹಾಕಿದೆವು.
ಅರ್ಧಕ್ಕೆ ಹಳೆಯ ಹನ್ನೊಂದು ಗಂಟೆ,
ಅರ್ಧಕ್ಕೆ ರಾತ್ರಿ ಒಂಬತ್ತೂವರೆ, ಕನ್ನಡದಲ್ಲಿ.
ದನಿ ಕೊಟ್ಟವಳು ಶಾವಂತ್ರಿ, ಹುಲಿಗೆವ್ವನ ಮಗಳು:
"ಗುಳಗಿ ತಗೊಂಡ್ಯೇನಬೇ?"

ಅವಳ ಓಣಿಗೆ ಬಂದದ್ದು ಹನ್ನೊಂದರ ಚೀಟಿ.
ಇನ್ನೊಮ್ಮೆ ಎತ್ತೋಣವೇ ಎಂದು ಕೈ ಡಬ್ಬಿಯ ತನಕ ಹೋಯಿತು.
ಹಿಂದಕ್ಕೆ ತಂದುಕೊಂಡೆ.

ಬೆರಳಿನ ಗಾಯವನ್ನು ಪ್ರೆಸಿಲ್ಡಾಳಿಗೆ ಒಪ್ಪಿಸಿದೆ,
ಅಷ್ಟಕ್ಕೆ ನಿಯಮದ ಅಡ್ಡಿಯಿರಲಿಲ್ಲ.
ಆರು ತಿಂಗಳು ಆ ಹುಡುಗಿಯ ದನಿ
ಪರರ ತಾಯಂದಿರನ್ನು ವಿಚಾರಿಸಿತು.
ಅವಳ ತಾಯಿಯ ಪಾಲಿನದು ಸೆಂಟ್ರಿಂಗ್ ಹಲಗೆಯ ಮೇಲೆ,
ಒಂದನ್ನು ಒತ್ತಿ.

ಈ ಸಲ ನಾವು ಒತ್ತಿದ್ದನ್ನು ಎಣಿಸಲಿಲ್ಲ.
ಪ್ರೆಸಿಲ್ಡಾ ಮನೆಮನೆ ಹೊಕ್ಕು
ಹಾಳೆಯಲ್ಲಿ ಉಳಿದ ಗುಳಿಗೆ ಎಣಿಸಿದಳು.
ರಾತ್ರಿಯ ಓಣಿಗಳಲ್ಲಿ ಉಳಿದದ್ದು ಕಡಿಮೆ.
ಎಷ್ಟು ಕಡಿಮೆ ಎಂದರೆ, ಡಾಕ್ಟರು ಕನ್ನಡಕ ತೆಗೆದು
ಎರಡನೆಯ ಸಲ ಓದುವಷ್ಟು.

ಒಯ್ದದ್ದನ್ನು ತಂದೆ. ನೀರಿನ ಟ್ಯಾಂಕರ್ ಬರುವ ಹೊತ್ತಿಗೆ
ಕೊಡಗಳ ಸಾಲಿನ ಮುಂದೆ ನಿಂತು ಹೇಳಿದೆ,
ಅಂಕಿ, ಓಣಿ, ಚೀಟಿ, ಎಲ್ಲ.
ಇವತ್ತು ರಾತ್ರಿಯಿಂದ ನಿಮಗೂ ಒಂಬತ್ತೂವರೆಗೆ, ಎಂದೆ.

ಹುಲಿಗೆವ್ವ ಕುಂಟುತ್ತ ಮುಂದೆ ಬಂದಳು.
"ಅಂದ್ರ ಆರು ತಿಂಗಳು ನಮ್ಮ ಓಣಿ ಸೋತಂಗಾತು?"

ಸೋಲಲ್ಲವ್ವಾ, ನಿಮ್ಮ ಓಣಿ ಇದ್ದದ್ದರಿಂದಲೇ,
ಎನ್ನುವಷ್ಟರಲ್ಲಿ ವಿಮಾನ ಬಂತು.
ಎಲ್ಲರೂ ಬಾಯಿ ಮುಚ್ಚಿದರು. ಒಂದು ಕೊಡ ತುಂಬಿ ಹರಿಯಿತು.
ಸದ್ದು ನಿಧಾನವಾಗಿ ಕಡಲ ಕಡೆ ಸರಿಯಿತು.
ಅವರೆಲ್ಲ ನನ್ನನ್ನೇ ನೋಡುತ್ತಿದ್ದರು,
ಬಿಟ್ಟ ಅಕ್ಷರದಿಂದ ಹಿಡಿಯಲಿ ಎಂದು.