ಹದಿಮೂರಕ್ಕೊಂದು

ಮೂರೂ ಹತ್ತಕ್ಕೆ ಕರೆಂಟು ಹೋಯಿತು.
ಬಳ್ಳಾರಿ ಕೌಲ್ ಬಜಾರಿನ ನಮ್ಮ ಶೆಡ್ಡಿನಲ್ಲಿ
ಹದಿಮೂರು ಮಿಷನ್ನೂ ಒಂದೇ ಉಸಿರಿಗೆ ನಿಂತವು.
ನನ್ನ ಸೂಜಿ ಅರ್ಧ ಜೇಬಿನೊಳಗೇ ಸಿಕ್ಕಿಕೊಂಡಿತ್ತು.
ತಗಡಿನ ಮೇಲೆ ಬಿಸಿಲು. ಬೆರಳಿಗೆಲ್ಲ ಜೀನ್ಸಿನ ನೀಲಿ.

ಕಟಿಂಗಿನ ಗಾದಿಲಿಂಗ ರಾಶಿ ಸರಿಸಿ ಇಸ್ಪೀಟು ತೆಗೆದ.
"ಐವತ್ತೊಂದ ಅದಾವು. ಒಂದೆಲಿ ಎಲ್ಲೋ ಹೋಗೈತಿ.
ಯಾವ್ದಂತ ನಾ ನೋಡಿಲ್ಲ, ನೀವೂ ನೋಡಬ್ಯಾಡ್ರಿ."

ಶಮೀಮಳಿಗೆ ಪಿಯುಸಿಯ ಗಣಿತವೊಂದು ಬಾಕಿ.
ಬಂಡಲ್ಲಿನ ಮೇಲೆ ಕುಳಿತೇ ಕೇಳಿದಳು:
"ಒಂದೆಲಿ ಕಮ್ಮಿ ಇದ್ರ, ಅಣ್ಣಾ,
ಮೇಲಿಂದು ಎಕ್ಕ ಆಗೋದು ಎಷ್ಟಕ್ಕೊಂದು?"

ಬಟ್ಟೆಗೆ ಗೆರೆ ಎಳೆಯುವ ಸೀಮೆಸುಣ್ಣದಲ್ಲಿ
ಮೇಜಿನ ಮೇಲೆ ನಾಲ್ಕು ಬರೆದ,
ಕೆಳಗೆ ಐವತ್ತೆರಡು.
"ಮೊದಲಿನಷ್ಟ. ಹದಿಮೂರಕ್ಕೊಂದು.
ಹೋಗಿದ್ದು ಯಾವ್ದಂತ ಗೊತ್ತಾಗೋತನ
ಅದು ಕಟ್ಟಿನ ತಳದಾಗ ಬೋರಲು ಬಿದ್ದಂಗ ಲೆಕ್ಕ.
ಎಕ್ಕನ ಹೋಗೈತಿ ಅಂತ ಗೊತ್ತಾತೋ,
ಉಳಿದಿದ್ದು ಮೂರು, ಐವತ್ತೊಂದರಾಗ.
ಹದಿನೇಳಕ್ಕೊಂದು."

"ಎಲಿ ಅದ, ಕಟ್ಟು ಅದ, ಲೆಕ್ಕ ಹೆಂಗ ಬ್ಯಾರೆ?"
ಹುಲಿಗೆಮ್ಮ, ಅಂಗೈಯಲ್ಲಿ ತಂಬಾಕು ತಿಕ್ಕುತ್ತ.

"ಲೆಕ್ಕ ಎಲೀದಲ್ಲಬೇ. ನೋಡೋರ್ದು."

ಮಾಲೀಕ ಊಟದ ಹೊತ್ತಿಗೆ ಬಂದು ಹೇಳಿ ಹೋಗಿದ್ದ:
ಶನಿವಾರದಿಂದ ಒಂದು ಮಿಷನ್ನು ಕಮ್ಮಿ.
ಯಾರದೆಂದು ಹೇಳಿರಲಿಲ್ಲ.
ಆಗಿನಿಂದ ಹದಿಮೂರು ಮಂದಿಯೂ
ಒಂದೇ ಸೈಜಿನ ಭಯ ತೊಟ್ಟು ಕುಳಿತಿದ್ದರು.

ದಾರದ ರೀಲು ತರಲು ಒಳಗೆ ಹೋದವಳು
ಅರ್ಧ ತೆರೆದ ಡ್ರಾಯರಿನಲ್ಲಿ ನಾನು ಚೀಟಿ ನೋಡಿದ್ದೆ.
ತೆಲುಗಿನಲ್ಲಿತ್ತು. ಒಂದು ಹೆಸರು ಓದುವಷ್ಟು ನನಗೆ ಬರುತ್ತದೆ.

ಉಳಿದವರಿಗೆ ಹದಿಮೂರಕ್ಕೊಂದು.
ನನಗೆ ಹನ್ನೆರಡು ಸೊನ್ನೆ, ಒಂದು ಒಂದು.
ಆ ಸೊನ್ನೆಗಳಲ್ಲಿ ಒಂದು ನನ್ನದು,
ಅದನ್ನು ಹಲ್ಲಿನ ಸಂದಿಯ ಅಡಿಕೆಚೂರಿನಂತೆ
ನಾಲಗೆಯಲ್ಲಿ ಮುಟ್ಟಿ ಮುಟ್ಟಿ ನೋಡುತ್ತಿದ್ದೆ.

ರಮ್ಮಿ ಹಾಕಿದೆವು, ನಾಲ್ಕೇ ಜನ.
ಹುಲಿಗೆಮ್ಮ ಏಳು ಕೂಡಿಸುತ್ತಿದ್ದಾಳೆಂದು
ಎರಡನೇ ಸುತ್ತಿಗೇ ತಿಳಿಯಿತು.
ಆಟೀನ್ ಏಳು ನನ್ನ ಕೈಯಲ್ಲಿ, ಆರು ಎಂಟರ ನಡುವೆ.
ಕಿತ್ತು ಕೆಳಗೆ ಹಾಕಿದೆ.

ಗಾದಿಲಿಂಗ ತಲೆಯೆತ್ತಿ ನನ್ನನ್ನು ನೋಡಿದ,
ಏನೋ ಕೂಡಿಸಿದವನಂತೆ, ಕಳೆದವನಂತೆ.
"ನೋಡ್ರಲೇ, ಇವತ್ತು ನನ್ನ ಕೈ ಭಾಳ ಚಲೋ ಐತಿ!"
ಹುಲಿಗೆಮ್ಮ ಎಲೆ ಬಿಚ್ಚಿ ಹರಡಿದಳು,
ನಾಲ್ಕು ರೂಪಾಯಿ ಎಣಿಸಿ ಸೊಂಟಕ್ಕೆ ಸಿಕ್ಕಿಸಿದಳು.

ಕರೆಂಟು ಬಂತು.
ಸುಣ್ಣದ ಅಂಕಿಗಳ ಮೇಲೆ ಹೊಸ ಥಾನು ಉರುಳಿತು.
ನಿಂತಲ್ಲಿಂದಲೇ ನನ್ನ ಸೂಜಿ ಜೇಬು ಮುಗಿಸಿತು.
ಒಂದು ಹೊಲಿಗೆ ತಪ್ಪಿತ್ತು.
ಬಿಚ್ಚಲಿಲ್ಲ.