ಕಾಲುಚೀಲದ ತೂತು

ಔಲು ಊರಿನಲ್ಲಿ ಬೂಟು ಬಿಚ್ಚದೆ ಯಾರೂ ಒಳಗೆ ಕಾಲಿಡುವುದಿಲ್ಲ.
ಹಾಗಾಗಿ ಟೆಲ್ಲೆರ್ವೊ ನನ್ನಲ್ಲಿ ಮೊದಲು ಕಂಡದ್ದು
ಎಡಗಾಲಿನ ಉಣ್ಣೆಚೀಲದಿಂದ ಇಣುಕುತ್ತಿದ್ದ ಹೆಬ್ಬೆರಳು.
ಕೆಳಗೆ ಗಾಳದ ಸಾಮಾನಿನ ಅಂಗಡಿ, ಮೇಲೆ ಆಕೆಯ ಕೋಣೆ;
ಮೆಟ್ಟಿಲಿಗೆಲ್ಲ ರಬ್ಬರಿನ ವಾಸನೆ.

ನಾಲ್ಕನೆಯವರು ಆಕೆ.

ಮೊದಲನೆಯವರು ಡಾಕ್ಟರು. ಕೇಳಿದರು:
ಚಿಕ್ಕಂದಿನಲ್ಲಿ ಗೊಂಬೆಯೋ, ಲಾರಿಯೋ?
ನಮ್ಮಲ್ಲಿದ್ದದ್ದು ಒಂದು ದೋಣಿ, ಎಂದೆ.
ದೋಣಿಗೆ ಅವರ ಹಾಳೆಯಲ್ಲಿ ಚೌಕವಿರಲಿಲ್ಲ.
ಆದರೂ ಏನೋ ಬರೆದುಕೊಂಡರು, ಬಹಳ ಹೊತ್ತು.

ಎರಡನೆಯವರು ಬಲು ಮೃದು.
ನನಗೇನೂ ಗೊತ್ತಿಲ್ಲ, ಹೇಳಿಕೊಡಿ ಎಂದರು.
ವಾರಕ್ಕೆ ನಲವತ್ತೈದು ನಿಮಿಷ ಪಾಠ ಮಾಡಿದೆ, ಏಳು ವಾರ:
ಹಾರ್ಮೋನು, ಕಾನೂನು,
ಯಾವ ಪದ ನೋಯಿಸುತ್ತದೆ, ಯಾವುದು ಪರವಾಗಿಲ್ಲ.
ಶಿಷ್ಯೆ ಚುರುಕು. ಗುರುದಕ್ಷಿಣೆ ಮಾತ್ರ
ಪ್ರತಿ ಸಲ ನನ್ನ ಜೇಬಿನಿಂದಲೇ ಹೋಯಿತು.
ಒಮ್ಮೆ ನನ್ನ ಹಳೆಯ ಹೆಸರು ಬಾಯಿತಪ್ಪಿ ಬಂದು
ಆಕೆ ಅತ್ತುಬಿಟ್ಟರು. ಮೇಜಿನ ಮೇಲಿನ ಟಿಶ್ಯೂ ಡಬ್ಬ
ನಾನೇ ಆ ಕಡೆಗೆ ಸರಿಸಿದೆ.

ಮೂರನೆಯವರ ಹತ್ತಿರ ಇದ್ದದ್ದು ಒಂದೇ ಗೂಟ.
ನಿದ್ದೆ ಇಲ್ಲ ಎಂದರೆ ತಂದು ಅದಕ್ಕೇ ಕಟ್ಟಿದರು,
ಲೈಬ್ರರಿ ಬಸ್ಸು ಓಡಿಸಿ ಸೊಂಟನೋವು ಎಂದರೂ ಅದಕ್ಕೇ.
ಅಪ್ಪ ಸತ್ತ, ಎಂದೆ.
ಕತ್ತು ಓರೆ ಮಾಡಿ ಕೇಳಿದರು:
ಆಗ ನಿಮ್ಮ ದೇಹದ ಬಗ್ಗೆ ಏನನ್ನಿಸಿತು?

ನಮ್ಮ ಫಿನ್ನಿಷ್‌ನಲ್ಲಿ ಅವನಿಗೂ ಅವಳಿಗೂ ಒಂದೇ ಪದ.
ಅದೃಷ್ಟವಂತರು ನೀವು, ಅನ್ನುತ್ತಾರೆ ಹೊರಗಿನವರು.
ಆದರೆ ಮಗನಿಗೆ ಬೇರೆ ಪದ, ಮಗಳಿಗೆ ಬೇರೆ.
ಅಪ್ಪ ಎರಡನ್ನೂ ಬಿಟ್ಟು
ಹನ್ನೊಂದು ವರ್ಷ ನನ್ನನ್ನು ಕರೆದದ್ದು: 'ಏಯ್, ಕೇಳಿಲ್ಲಿ.'
ವಿಯೆನೊ ಎಂಬ ಹೆಸರು
ಒಮ್ಮೆಯೂ ಅವನ ಗಂಟಲು ದಾಟಿ ಬರಲಿಲ್ಲ.

ಇದನ್ನು ಟೆಲ್ಲೆರ್ವೊಗೆ ಹೇಳಿದ್ದು ಫೆಬ್ರವರಿಯಲ್ಲಿ,
ಕಿಟಕಿಯಾಚೆ ಹಿಮ ಗೋರುವ ಟ್ರ್ಯಾಕ್ಟರು
ಹಿಂದೆ ಮುಂದೆ ಹೋಗುತ್ತಿದ್ದಾಗ.
'ಒಬ್ಬ ಮಗನಾಗಿ ನಿಮಗೆ' ಎಂದವರು ನಿಂತರು.
'ತಪ್ಪಾಯಿತು. ನಿಮಗೆ,' ಎಂದರು. ಅಷ್ಟೇ.
ಸಮಾಧಾನ ಮಾಡುವ ಕೆಲಸ ನನ್ನ ಪಾಲಿಗೆ ಉಳಿಸಲಿಲ್ಲ.

ಆಮೇಲೆ ಅಂದೆ, ಯಾರಿಗೂ ಅನ್ನದೇ ಇದ್ದದ್ದನ್ನು:
ಅವನ ಮನೆ ಖಾಲಿ ಮಾಡುವಾಗ ಫ್ರೀಜರಿನ ತಳದಲ್ಲಿ
ಹೊಟ್ಟೆ ಸೀಳಿ, ತೊಳೆದು, ಸುತ್ತಿಟ್ಟ ಮೀನು.
ಮೇಲೆ ಬಿಳಿ ಪಟ್ಟಿ, ಪೆನ್ಸಿಲಿನಲ್ಲಿ ತಾರೀಕು,
ತಾರೀಕಿನ ಕೆಳಗೆ ಅವನದೇ ಮೊಂಡು ಅಕ್ಷರ:
ವಿಯೆನೊಗೆ.

ಕಾದೆ. ಈಗ ಅರ್ಥ ಬಿಡಿಸುತ್ತಾರೆ,
ಈಗ ಕ್ಷಮೆ ಎನ್ನುತ್ತಾರೆ, ಈಗ ಪ್ರೀತಿ ಎನ್ನುತ್ತಾರೆ.
ನನ್ನ ಸಮಯ ಮುಗಿದು ಆಗಲೇ ನಾಲ್ಕು ನಿಮಿಷ.
ಟೆಲ್ಲೆರ್ವೊ ಕೇಳಿದರು: 'ಯಾವ ಮೀನು?'

ಬಿಳಿಮೀನು, ಎಂದೆ. ಐದು ಪೊಟ್ಟಣ.
ಅಲ್ಲಿಂದ ಶುರುವಾಯಿತು,
ಮೂಗು ಸುರಿಯುವ, ನಾಚಿಕೆಗೆಟ್ಟ ಅಳು.
ತೂತಿನಲ್ಲಿ ಹೆಬ್ಬೆರಳು ಮಾತ್ರ ತಣ್ಣಗಿತ್ತು.

ಆ ಭಾನುವಾರ ಒಂದನ್ನು ಕರಗಿಸಿ ಬೆಣ್ಣೆಯಲ್ಲಿ ಹುರಿದೆ.
ಉಪ್ಪು ಹೆಚ್ಚಾಯಿತು. ಮುಳ್ಳು ಸರಿಯಾಗಿ ತೆಗೆದಿರಲಿಲ್ಲ ಅಪ್ಪ,
ಯಾವತ್ತೂ ತೆಗೆದವನಲ್ಲ.
ಒಂದೊಂದನ್ನೇ ನಾಲಿಗೆಯಲ್ಲಿ ಹುಡುಕಿ
ತಟ್ಟೆಯ ಅಂಚಿಗಿಡುತ್ತಾ ತಿಂದೆ.

ಇನ್ನು ನಾಲ್ಕಿವೆ, ಎಂದು ಟೆಲ್ಲೆರ್ವೊಗೆ ಹೇಳಿದೆ.
ಆಕೆ ಬರೆದುಕೊಳ್ಳಲಿಲ್ಲ.